ಅಡುಗೆ ಭಟ್ಟರು ಸಿಡುಕಿದ್ದೇಕೆ?

ಒಂದೂರಲ್ಲಿ ಅನುಕೂಲಸ್ಥನೊಬ್ಬ ಇದ್ದ. ಮನೆಯಲ್ಲಿ ನಿತ್ಯ ಪೂಜೆ, ಬಂದವರಿಗೆಲ್ಲ ಊಟ. ಅಡುಗೆಗೆ ಹಳೆಯ ಭಟ್ಟರೊಬ್ಬರು. ನೋಡಿ, ನೈವೇದ್ಯ ಆಗುವ ಮುಂಚೆ ಅಡುಗೆಯ ರುಚಿ ನೋಡುವಂತಿಲ್ಲ. ಹದವೆಲ್ಲ ಭಟ್ಟರಿಗೆ ವಾಸನೆಯಲ್ಲೇ ಗೊತ್ತಾಗಬೇಕು.

ಇಂಥ ಭಟ್ಟರು ಇದ್ದಕ್ಕಿದ್ದಂತೆ ಸಿಡುಕತೊಡಗಿದರು. "ಭಟ್ರೇ, ಸಾರು ಕುದೀತಾ?" ಅಂದರೆ ಸಾಕು, "ಅಷ್ಟು ಅನುಮಾನ ಇದ್ರೆ ನೀವೇ ಬಂದು ಮಾಡ್ಕೊಳ್ಳಿ!" ಸೌಟು ಕುಕ್ಕುವುದು, ಬಾಗಿಲು ದಬ್ಬುವುದು. ಮನೆಯವರು ಏನಂದರು? ವಯಸ್ಸಾಯಿತು, ತಲೆ ಕೆಟ್ಟಿದೆ, ಕೊಬ್ಬು ಬಂದಿದೆ. ನಾವೂ ಇದನ್ನೇ ಅನ್ನುತ್ತೇವೆ, ಅಲ್ಲವೇ?

ಒಂದು ವ್ರತದ ದಿನ ನಡುಮನೆಗೆ ಪಾಯಸ ಸೀದ ವಾಸನೆ ಬಂತು. ಯಜಮಾನ ಉರಿದುಕೊಂಡು ಅಡುಗೆಮನೆಗೆ ನುಗ್ಗಿದ. ಹೆಂಡತಿ ಹಿಂದೆಯೇ ಓಡಿದಳು. ಭಟ್ಟರು ಅದೇ ಪಾತ್ರೆಯ ಪಕ್ಕ ನಿಂತು ಏಲಕ್ಕಿ ಕುಟ್ಟುತ್ತಿದ್ದಾರೆ! "ಮಡಿ ಇಲ್ದೆ ಒಳಗ್ಯಾಕೆ ಬಂದ್ರಿ?" ಅಂತ ಇವನ ಮೇಲೇ ಹರಿಹಾಯ್ದರು.

"ಹೊರಡಿ ಇಲ್ಲಿಂದ" ಎಂಬ ಮಾತು ಯಜಮಾನನ ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿ ಅವನ ಕೈ ಹಿಡಿದಳು. ಮೆಲ್ಲಗೆ ಕೇಳಿದಳು: "ಭಟ್ರೇ, ನಿಮಗೆ ವಾಸನೆ ಬರ್ತಿಲ್ವಾ?"

ಭಟ್ಟರ ಮುಖ ಬಿಳಿಚಿಕೊಂಡಿತು. "ಇಲ್ಲಮ್ಮ. ಹೋದ ತಿಂಗಳು ಜ್ವರ ಬಂದು ಹೋದ್ಮೇಲೆ ಏನೂ ಬರ್ತಿಲ್ಲ. ಹೇಳಿದ್ರೆ ಒಲೆ ಮುಂದೆ ಯಾರು ನಿಲ್ಲಿಸ್ಕೊಳ್ತಾರೆ? ಹಳಸಿದ್ದನ್ನ ದೇವರ ಮುಂದೆ ಇಟ್ಬಿಡ್ತೀನೇನೋ ಅಂತ ದಿನಾ ಜೀವ ಹೋಗುತ್ತೆ. ಯಾರಾದ್ರೂ ಸಾರಿನ ಮಾತೆತ್ತಿದ್ರೆ ಸಿಕ್ಕಿಬಿದ್ದೆ ಅನ್ಸುತ್ತೆ."

"ನಾಳೆಯಿಂದ ನಾನು ಮಡಿಯುಟ್ಟು ಪಕ್ಕದಲ್ಲಿ ನಿಂತಿರ್ತೀನಿ. ಮಾಡೋರು ನೀವೇ," ಅಂದಳು ಆ ತಾಯಿ. ಭಟ್ಟರು ಅಲ್ಲೇ ಕುಸಿದು ಕೂತು ಅತ್ತುಬಿಟ್ಟರು.

ಯಜಮಾನ ಆ ಮಾತು ಆಡಿಯೇಬಿಟ್ಟಿದ್ದರೆ? ನನಗೆ ಭಯವಾಗುವುದು ಅಲ್ಲೇ. ಅವತ್ತು ಕೈ ಹಿಡಿಯುವವಳು ಒಬ್ಬಳಿದ್ದಳು. ನಿಮ್ಮ ಮನೆಯಲ್ಲಿ ನಿಮ್ಮ ಕೈ ಹಿಡಿಯುವವರು ಯಾರು?

ನಿಮ್ಮ ಮನೆಯಲ್ಲೂ ಒಬ್ಬರು ಸಿಡುಕುತ್ತಿದ್ದಾರೆ. ಪಾತ್ರೆ ಕುಕ್ಕುವ ಸೊಸೆ, ತಟ್ಟೆ ತಳ್ಳುವ ಮಗ, "ನನ್ನನ್ನ ಯಾಕೆ ಕೇಳ್ತೀಯ" ಎನ್ನುವ ಗಂಡ. ಈಗಾಗಲೇ ಒಂದು ಮುಖ ನಿಮ್ಮ ಕಣ್ಣ ಮುಂದೆ ಬಂತು, ಬರಲಿಲ್ಲವೇ? ಅವರು ಏನನ್ನು ಮುಚ್ಚಿಟ್ಟುಕೊಂಡು ನಡುಗುತ್ತಿದ್ದಾರೋ, ನಿಮಗೆ ಗೊತ್ತೇ? ನನಗೂ ಗೊತ್ತಿಲ್ಲ. ಇವತ್ತು ಮನೆಗೆ ಹೋಗಿ ಬುದ್ಧಿ ಹೇಳಬೇಡಿ. ದಯವಿಟ್ಟು ಈ ಕಥೆಯನ್ನೂ ಹೇಳಬೇಡಿ! ಪಕ್ಕದಲ್ಲಿ ಕೂತು, "ಏನಾದ್ರೂ ಹೆದರಿಕೆ ಇದೆಯಾ?" ಅಂತ ಕೇಳಿ. ಕೇಳಿ ಸುಮ್ಮನೆ ಕಾಯಿರಿ. ಮೊದಲು "ಏನಿಲ್ಲ, ಹೋಗಿ!" ಅಂತಲೇ ಸಿಡುಕುತ್ತಾರೆ. ಆಗ ಮಾತ್ರ ಎದ್ದು ಬರಬೇಡಿ.