ದ್ರಾಕ್ಷಿ ತೋಟಕ್ಕೆ ಹೋದವರು ಏಳು ಜನ, ದೂರಿನಲ್ಲಿರುವವರು ಇಬ್ಬರು

ಹೆಸರು: ದಾಕ್ಷಾಯಣಮ್ಮ, ಕೋಂ ಲೇಟ್ ಸಿದ್ದಮಲ್ಲಪ್ಪ
ವಯಸ್ಸು: 66 ವರ್ಷ
ವಿದ್ಯಾಭ್ಯಾಸ: ಎಸ್.ಎಸ್.ಎಲ್.ಸಿ. ಪಾಸು
ಉದ್ಯೋಗ: ಮನೆ ನಡೆಸುವುದು
ವಾಸ: ಕೃಷ್ಣಮೂರ್ತಿಪುರಂ, ಮೈಸೂರು

ನನ್ನ ಮಗ ಶಿವರುದ್ರಪ್ಪನು ನಿನ್ನೆ ಸಂಜೆ ಕೊಟ್ಟಿರುವ ದೂರಿನ ಸಂಬಂಧ, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಮಗನು ಬಟ್ಟೆ ಅಂಗಡಿ ಇಟ್ಟಿರುತ್ತಾನೆ. ಅವನ ಮಗಳು ಐಶ್ವರ್ಯ, 22 ವರ್ಷ, ಆಹಾರ ವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಹಣ್ಣಿನ ರಸ ಹುಳಿ ಬಂದು ವೈನ್ ಆಗುವುದು ಅವಳ ಪಾಠದಲ್ಲಿದೆ. ಕಂಪ್ಯೂಟರಿನಲ್ಲಿ ಆರ್ಕುಟ್ ಎಂಬುದೊಂದಿದೆ. ಅದರಲ್ಲಿ ಇದೇ ಪಾಠ ಓದುವವರ ಗುಂಪಿದೆ. ಮುಖ ನೋಡದವರು ಅಲ್ಲಿ ಸ್ನೇಹ ಮಾಡಿಕೊಂಡು ಒಬ್ಬರಿಗೊಬ್ಬರು ಸ್ಕ್ರ್ಯಾಪ್ ಬರೆಯುತ್ತಾರೆ. ಸ್ಕ್ರ್ಯಾಪ್ ಎಂದರೆ ಗುಜರಿಯಲ್ಲ, ಚೀಟಿ. ನನಗೂ ಮೊದಲು ಗೊತ್ತಿರಲಿಲ್ಲ, ಕೇಳಿ ತಿಳಿದುಕೊಂಡೆ. ನನ್ನ ಮಗನೂ ಕೇಳಬಹುದಿತ್ತು.

ಆ ಗುಂಪಿನವರು ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿ ತೋಟ ಮತ್ತು ವೈನ್ ತಯಾರಿಸುವ ಜಾಗ ನೋಡಿ ಬರಲು ಗೊತ್ತು ಮಾಡಿದರು. ಶಿವರುದ್ರಪ್ಪನು ಬೇಡವೆಂದನು. ವೈನ್ ಸ್ಟೋರ್ ಮುಂದೆ ಬಿದ್ದಿರೋರನ್ನ ನೋಡಿಲ್ವಾ, ಮಠದೋರು ಕೇಳಿದ್ರೆ ನಾನೇನ್ ಹೇಳ್ಲಿ ಎಂದು ಕೂಗಾಡಿದನು. ಮಗುವಿನ ಓದಿಗೆ ಬೇಕಾದದ್ದು ಬೇಕು, ಜೊತೆಗೆ ನಾನು ಹೋಗುತ್ತೇನೆ ಎಂದು ನಾನು ತೀರ್ಮಾನಿಸಿದೆ. ಮಗನೂ ಸೊಸೆಯೂ ಮದುವೆಗೆಂದು ನಂಜನಗೂಡಿಗೆ ಹೋಗಿದ್ದರು. ಇಂಥ ದಿನ ಹೊರಡುತ್ತೇವೆಂದು ಅವರಿಗೆ ನಾನು ತಿಳಿಸಲಿಲ್ಲ. ನನ್ನ ಮನೆಯಲ್ಲಿ ನಾನು ಯಾರಿಗೂ ರಜೆ ಅರ್ಜಿ ಕೊಡುವುದಿಲ್ಲ.

ನಿನ್ನೆ ಭಾನುವಾರ ಬೆಳಿಗ್ಗೆ ಐದೂವರೆಗೆ ವ್ಯಾನ್ ನಮ್ಮ ಮನೆ ಮುಂದೆ ಬಂತು. ಅದರಲ್ಲಿ ಕಾಲೇಜಿನ ಮೂವರು ಮಕ್ಕಳೂ ಯೋಗೇಂದ್ರ ಎಂಬ ಹುಡುಗನೂ ಇದ್ದರು. ಯೋಗೇಂದ್ರನ ಮನೆ ಅಶೋಕಪುರಂ. ನಮ್ಮ ಮನೆಯಿಂದ ನಡೆದೇ ಹೋಗಬಹುದು. ಇಷ್ಟು ಹತ್ತಿರದವರ ಪರಿಚಯವಾಗಲು ಕಂಪ್ಯೂಟರ್ ಬೇಕಾಯಿತೇ ಎಂದು ಕೇಳಿದೆ. ಬೇಕಾಯ್ತಲ್ಲ ಅಜ್ಜಿ, ಎಂದನು. 

ಗುಂಪಿನಲ್ಲಿ 'ಪ್ರೇಮ್' ಎಂಬ ಹೆಸರಿಟ್ಟುಕೊಂಡು ಗುಲಾಬಿ ಹೂವಿನ ಚಿತ್ರ ಹಾಕಿದ್ದವರು ಒಬ್ಬರಿದ್ದರು. ಕಣ್ಣಿಡಬೇಕಾದದ್ದು ಇವನ ಮೇಲೆ ಎಂದು ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಂಡಿದ್ದೆ. ಒಂಟಿಕೊಪ್ಪಲಿನಲ್ಲಿ ವ್ಯಾನ್ ನಿಂತಾಗ ಹತ್ತಿದವರು 58 ವರ್ಷದ ಪ್ರೇಮಲೀಲಾ, ಮನೆಯಲ್ಲೇ ಹಣ್ಣಿನ ಶರಬತ್ತು ಮಾಡಿ ಮಾರುವವರು. ಪೂರ್ತಿ ಹೆಸರು ಹಾಕಿದ್ರೆ ಆಂಟಿ ಅಂದ್ಕೊಂಡು ಯಾರೂ ಮಾತಾಡ್ಸಲ್ಲ ಕಣ್ರೀ ಎಂದು ನನಗೆ ಹೇಳಿದರು. ಹೋಗುವಾಗಲೂ ಬರುವಾಗಲೂ ಅವರು ನನ್ನ ಪಕ್ಕದಲ್ಲೇ ಕುಳಿತಿದ್ದರು. ಐಶ್ವರ್ಯ ನಮ್ಮ ಮುಂದಿನ ಸೀಟಿನಲ್ಲಿದ್ದಳು. ಯೋಗೇಂದ್ರನು ಡ್ರೈವರ್ ಪಕ್ಕದಲ್ಲಿದ್ದನು.

ಹತ್ತೂವರೆಗೆ ತೋಟ ತಲುಪಿದೆವು. ತೋಟ ನೋಡಿದ ಮೇಲೆ ವೈನ್ ತಯಾರಿಸುವ ಜಾಗಕ್ಕೆ ಕರೆದರು. ನನ್ನ ಕೊರಳಲ್ಲಿ ಲಿಂಗವಿರುವುದರಿಂದ ಒಳಗೆ ಹೋಗಬಹುದೋ ಬಾರದೋ ಎಂದು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ನೀವು ಇಲ್ಲೇ ನೆರಳಲ್ಲಿ ಕೂತ್ಕೊಳಿ ಅಜ್ಜಿ, ನಾನೂ ಇರ್ತೀನಿ ಎಂದು ಯೋಗೇಂದ್ರನು ಹೇಳಿದನು. ಅಷ್ಟು ದೂರದಿಂದ ಬಂದ ಹುಡುಗನಿಗೆ ನನ್ನಿಂದ ನೋಡುವುದು ತಪ್ಪಬಾರದೆಂದು ಸೆರಗನ್ನು ಕೊರಳ ಸುತ್ತ ಬಿಗಿಯಾಗಿ ಹೊದ್ದು ಒಳಗೆ ಹೋದೆ. ಒಳಗೆ ಆಳೆತ್ತರದ ಪೀಪಾಯಿಗಳಿದ್ದವು. ದೋಸೆ ಹಿಟ್ಟು ಉಕ್ಕಿದ ವಾಸನೆ ಇತ್ತು. ಮಕ್ಕಳಿಗೆ ಗಾಜಿನ ಲೋಟದಲ್ಲಿ ಒಂದೊಂದು ಗುಟುಕು ಕೊಟ್ಟರು. ಬಾಯಿಗೆ ಹಾಕಿ ಮುಕ್ಕಳಿಸಿ, ಅಲ್ಲಿಟ್ಟಿದ್ದ ಬಕೆಟಿಗೆ ಎಲ್ಲರೂ ಉಗಿದರು. ಉಗಿಯಲು ಇಷ್ಟು ದೂರ ಬರಬೇಕೇ ಎಂದು ಕೇಳಿದೆ. ರುಚಿ ನೋಡೋದಷ್ಟೇ ನಮ್ಮ ಸಿಲಬಸ್ಸು ಅಜ್ಜಿ, ನುಂಗೋದು ಬೇರೆ ಕೋರ್ಸು ಎಂದು ಯೋಗೇಂದ್ರನು ಹೇಳಿದನು. ನನಗೆ ನಗು ಬಂತು. ಇದನ್ನೂ ಬರೆದುಕೊಳ್ಳತಕ್ಕದ್ದು.

ಮಧ್ಯಾಹ್ನ ನಾನು ತಂದಿದ್ದ ರೊಟ್ಟಿ, ಎಣ್ಣೆಗಾಯಿಯನ್ನು ಎಲ್ಲರೂ ಒಟ್ಟಿಗೆ ಕೂತು ತಿಂದೆವು. ಎರಡು ಗಂಟೆಗೆ ಹೊರಟೆವು. ಐಶ್ವರ್ಯಳ ಮೊಬೈಲಿನಲ್ಲಿ ಚಾರ್ಜ್ ಮುಗಿದಿತ್ತು. ನಾನು ಮೊಬೈಲ್ ಇಟ್ಟುಕೊಂಡಿಲ್ಲ.

ಸಂಜೆ ಏಳೂವರೆಗೆ ಮನೆ ತಲುಪಿದಾಗ ಗೇಟಿನ ಹತ್ತಿರ ನನ್ನ ಮಗನೂ ಇಬ್ಬರು ಪೊಲೀಸರೂ ನಿಂತಿದ್ದರು. ಅವನು ಸೊಸೆಯನ್ನು ನಂಜನಗೂಡಿನಲ್ಲೇ ಬಿಟ್ಟು ಬೇಗ ಬಂದಿದ್ದನು. ನಾನು ವ್ಯಾನಿನಿಂದ ಇಳಿಯಲು ಯೋಗೇಂದ್ರನು ಕೈ ಕೊಟ್ಟಿದ್ದನು, ಅವನ ಇನ್ನೊಂದು ಕೈಯಲ್ಲಿ ನನ್ನ ಬುತ್ತಿಯ ಚೀಲವಿತ್ತು. ಮಗನು ಅವನ ಹೆಸರು ಕೇಳಿದನು, ಹೇಳಿದನು. ಮನೆ ಎಲ್ಲಿ ಎಂದು ಕೇಳಿದನು, ಅಶೋಕಪುರಂ ಎಂದು ಹೇಳಿದನು. ಅದು ದಲಿತರ ಬಡಾವಣೆಯೆಂದು ಮೈಸೂರಿನಲ್ಲಿ ಎಲ್ಲರಿಗೂ ಗೊತ್ತು. ಅದಾದ ಮೇಲೆ ನನ್ನ ಮಗನು ಬೇರೇನನ್ನೂ ಕೇಳಲಿಲ್ಲ. ಇವನೇ ಸಾರ್ ಎಂದು ಪೊಲೀಸರಿಗೆ ತೋರಿಸಿದನು.

ನಡೆದಿದ್ದು ಇಷ್ಟೇ. ಮನೆಯಲ್ಲಿ ಮಗಳು ಕಾಣದಿದ್ದಾಗ ಮಗನು ಅವಳ ಆರ್ಕುಟ್ ತೆಗೆದು ನೋಡಿದ್ದಾನೆ. ಯೋಗೇಂದ್ರನು ಗುರುವಾರ ಬರೆದಿದ್ದ ಚೀಟಿಯೊಂದು ಅದರಲ್ಲಿತ್ತು. ಮಾತು ಕನ್ನಡದ್ದು, ಅಕ್ಷರ ಇಂಗ್ಲಿಷಿನದು. ಭಾನುವಾರ ಓದಿ ಹೋಗೋಣ, ಸುಮ್ಮನೆ ಹೋದರೆ ಪ್ರಯೋಜನವಿಲ್ಲ, ಎಂದು ಅವನು ಬರೆದಿದ್ದಾನೆ. ಪಾಠ ಓದಿಕೊಂಡು ಹೋಗೋಣ ಎಂದರ್ಥ. ಇಂಗ್ಲಿಷಿನಲ್ಲಿ ದಕಾರಕ್ಕೂ ಡಕಾರಕ್ಕೂ ಒಂದೇ ಅಕ್ಷರ. ನನ್ನ ಮಗನು ಓಡಿ ಹೋಗೋಣ ಎಂದು ಓದಿಕೊಂಡು, ಮಗಳನ್ನು ಪುಸಲಾಯಿಸಿ ಓಡಿಸಿಕೊಂಡು ಹೋಗಿದ್ದಾನೆಂದು ದೂರು ಬರೆಸಿದ್ದಾನೆ. ಅದೇ ಹೊತ್ತಿಗೆ ನಾನೂ ಮನೆಯಲ್ಲಿರಲಿಲ್ಲ ಎಂಬುದು ಆ ದೂರಿನಲ್ಲಿ ಎಲ್ಲಿಯೂ ಇಲ್ಲ. ಅಜ್ಜಿಯನ್ನೂ ಬುತ್ತಿಯನ್ನೂ ಕಟ್ಟಿಕೊಂಡು ಯಾರು ಓಡಿ ಹೋಗುತ್ತಾರೆ ಎಂದು ಅವನನ್ನು ನಾನು ಕೇಳಿದೆ. ನೀನು ಮಠಕ್ಕೆ ಹೋಗಿದ್ಯೇನೋ ಅಂದ್ಕೊಂಡೆ ಕಣಮ್ಮ ಎಂದನು.

ಹುಡುಗನನ್ನು ನಿನ್ನೆ ವಿಚಾರಿಸಿ ಮನೆಗೆ ಕಳುಹಿಸಿ, ಇಂದು ಬೆಳಿಗ್ಗೆ ಮತ್ತೆ ಬರಹೇಳಿರುತ್ತಾರೆ. ಅವನು ಒಳಗಿನ ಬೆಂಚಿನ ಮೇಲಿದ್ದಾನೆ. ಅವನ ತಾಯಿ ತಿಮ್ಮಮ್ಮ ಗೇಟಿನ ಹೊರಗೆ ನಿಂತಿದ್ದಾರೆ. ಒಳಗೆ ಬಂದು ಕೂರಿ ಎಂದು ನಾನು ಎರಡು ಸಲ ಕರೆದೆ. ಇಲ್ಲೇ ಇರ್ತೀನಿ ಬುಡಿ ಅಮ್ಮಾವ್ರೇ ಎಂದರು. ಯೋಗೇಂದ್ರನಿಗೆ ಸರ್ಕಾರಿ ಕೆಲಸಕ್ಕೆ ಆಯ್ಕೆಯಾಗಿದ್ದು, ಮುಂದಿನ ತಿಂಗಳು ಅವನ ನಡತೆಯ ಬಗ್ಗೆ ಪೊಲೀಸ್ ವರದಿ ಹೋಗಬೇಕಾಗಿದೆ.

ಶಿವರುದ್ರಪ್ಪನು ಈಗ ದೂರು ಹಿಂದಕ್ಕೆ ಪಡೆಯುತ್ತೇನೆ, ಅಮ್ಮನ ಹೇಳಿಕೆ ಬೇಡ, ರಾಜಿ ಎಂದು ಬರೆದುಕೊಳ್ಳಿ ಎನ್ನುತ್ತಿದ್ದಾನೆ. ಅಮ್ಮ, ಲಿಂಗ ಕಟ್ಕೊಂಡು ವೈನ್ ಮಾಡೋ ಜಾಗಕ್ಕೆ ಹೋಗಿದ್ದೆ ಅಂತ ಪೊಲೀಸ್ ಕಾಗದದಲ್ಲಿ ಬಂದ್ಬುಟ್ರೆ ನಾಳೆ ಯಾರ ಮುಖ ನೋಡ್ಲಿ ಎಂದು ನನ್ನ ಕಿವಿಯಲ್ಲಿ ಹೇಳಿದನು. ಯೋಗೇಂದ್ರನೂ ಹೋಗ್ಲಿ ಬಿಡಿ ಅಜ್ಜಿ, ರಾಜಿನೇ ಆಗ್ಲಿ ಎಂದನು. ನಾನು ಒಪ್ಪುವುದಿಲ್ಲ. ರಾಜಿ ಎಂದರೆ ಹುಡುಗ ಏನೋ ಮಾಡಿದ್ದ, ಇವರು ದೊಡ್ಡ ಮನಸ್ಸು ಮಾಡಿ ಬಿಟ್ಟರು ಎಂದಾಗುತ್ತದೆ. ಅವನು ಏನೂ ಮಾಡಿಲ್ಲ. ಬಿಡುವುದಕ್ಕೆ ನಾವು ಯಾರು? ಏನೂ ನಡೆದಿಲ್ಲ ಎಂದೇ ದಾಖಲಾಗಬೇಕು, ನಾನು ಹೇಳಿದೆನೆಂದೇ ಆಗಬೇಕು.

ಮುಖ್ಯ ಪೇದೆ ಮೂಗಯ್ಯನವರು ನನ್ನ ಮರ್ಯಾದೆಗೆಂದು 'ಪ್ರವಾಸಿ ಸ್ಥಳ' ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಿಸಿ 'ವೈನ್ ತಯಾರಿಸುವ ಜಾಗ' ಎಂದು ಬರೆಸಿ, ಪಕ್ಕದಲ್ಲಿ ಸಹಿ ಹಾಕಿದ್ದೇನೆ. ಮಠದವರು ಕೇಳಿದರೆ ನನ್ನನ್ನು ಕೇಳಲಿ.

ಈ ಹೇಳಿಕೆಯ ಮೇಲೆ ಹುಡುಗನನ್ನು ತಾಯಿಯ ಜೊತೆ ಕಳುಹಿಸಿಕೊಡುವವರೆಗೆ ಐಶ್ವರ್ಯಳೂ ನಾನೂ ಠಾಣೆಯಲ್ಲೇ ಇರುತ್ತೇವೆ. ಶಿವರುದ್ರಪ್ಪನು ಬೇಕಾದರೆ ಮನೆಗೆ ಹೋಗಬಹುದು. ನಿನ್ನೆ ಅವನ ಬಳಿ ಇದ್ದದ್ದೂ ಸೇರಿ ಎರಡೂ ಬೀಗದ ಕೈ ನನ್ನ ಸೊಂಟದಲ್ಲಿವೆ.

ಮೇಲಿನದೆಲ್ಲ ನಾನು ಹೇಳಿದಂತೆಯೇ ಇದೆ. ಕನ್ನಡಕ ಹಾಕಿಕೊಂಡು ನಾನೇ ನೋಡಿದ್ದೇನೆ. ನಿಜ.

ಸ್ಥಳ: ಮೈಸೂರು
ದಿನಾಂಕ: 3-3-2008

(ಸಹಿ) ದಾಕ್ಷಾಯಣಮ್ಮ
ನನ್ನ ಸಮಕ್ಷಮ: (ಸಹಿ) ಮೂಗಯ್ಯ, ಮುಖ್ಯ ಪೇದೆ