ಗುರುವಾರಕ್ಕೆ ದಾಟಿಸಿದವರು

ಸಭೆಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾದ ದೊಡ್ಡ ಡಾಕ್ಟರೇ, ನನ್ನ ಬೈಗುಳ ತಿಂದು ಬೆಳೆದ ದಾದಿಯರೇ, ಸಭಿಕರೇ,

ನಿವೃತ್ತಿಯ ದಿನ ಎರಡು ಸಿಹಿ ಮಾತಾಡಿ ಇಳಿದುಬಿಡಿ ಎಂದು ನಿರೂಪಕರು ಕಿವಿಯಲ್ಲಿ ಹೇಳಿದ್ದಾರೆ. ಇಪ್ಪತ್ತೊಂಬತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ಕಿರುಚಿದವಳ ಬಾಯಿಂದ ಸಿಹಿ ಮಾತು ಬರುತ್ತದೆಯೇ? ಬರುವುದಿಲ್ಲ. ಇವತ್ತಂತೂ ಬರುವುದಿಲ್ಲ.

ನಮ್ಮಲ್ಲಿ ಅವಳಿ ಹೊತ್ತ ಗರ್ಭಿಣಿಯರಿಗೆ ಮಂಗಳವಾರ, ಪ್ರತಿ ವಾರವೂ ಸ್ಕ್ಯಾನ್. ಮಿಕ್ಕವರಿಗೆ ಗುರುವಾರ, ತಿಂಗಳಿಗೊಮ್ಮೆ. ಹೋದ ವರ್ಷ ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಬಂದಳು. ಹೊಟ್ಟೆಯಲ್ಲಿ ಎರಡು ಕೂಸು, ಎರಡಕ್ಕೂ ಒಂದೇ ಮಾಸು, ಅಂದರೆ ಒಂದೇ ಪ್ಲಾಸೆಂಟಾ. ಇಪ್ಪತ್ತನಾಲ್ಕನೇ ವಾರದಲ್ಲಿ ಒಂದರ ಎದೆಬಡಿತ ನಿಂತಿತು.

ಆಗ ನಮ್ಮ ಪದ್ಧತಿ ಏನು? ಫೈಲಿನ ಮೇಲಿನ 'ಅವಳಿ' ಎಂಬ ಪದಕ್ಕೆ ಕೆಂಪು ಗೆರೆ ಹೊಡೆದು, 'ಒಂದು' ಎಂದು ಬರೆದು, ಗುರುವಾರಕ್ಕೆ ದಾಟಿಸುವುದು. ಮಾಸು ಒಂದೇ ಇದ್ದಾಗ ಒಂದು ಹೋದರೆ ಉಳಿದದ್ದಕ್ಕೂ ಅಪಾಯ. ಆಗಲೇ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ನಾವು ಆಗಲೇ ಬೆನ್ನು ತಿರುಗಿಸುತ್ತೇವೆ! ಯಾವ ಪುಣ್ಯಾತ್ಮ ಮಾಡಿದ ನಿಯಮವೋ!

ಮುಂದಿನ ಮಂಗಳವಾರವೂ ಅವಳು ಬೆಂಚಿನ ಮೇಲೆ ಹಾಜರು. "ನಿಮ್ದು ಗುರುವಾರ, ಏಳಿ ಏಳಿ" ಎಂದರು ಗುಮಾಸ್ತರು. ಮುಂದಿನ ಸಾಲಿನಲ್ಲಿ ಕೂತಿರುವ ಸಣ್ಣ ಡಾಕ್ಟರು, "ಒಂದಾದ್ರೂ ಉಳೀತಲ್ಲ, ಸಮಾಧಾನ ಮಾಡ್ಕೊಳ್ಳಿ" ಎಂದರು. ನಗಬೇಡಿ ಡಾಕ್ಟರೇ, ನಿಮ್ಮನ್ನೇ ಹೇಳುತ್ತಿರುವುದು. ಆರನೇ ತಿಂಗಳಲ್ಲಿ ನನ್ನದು ಹೋದಾಗ ನಮ್ಮತ್ತೆಯೂ ಹೀಗೇ ಅಂದಿದ್ದರು, "ಇನ್ನೊಂದಾಗತ್ತೆ ಬಿಡು" ಅಂತ. ಆಗಲಿಲ್ಲ. ಇರಲಿ, ಅದು ಇಲ್ಲಿಯ ವಿಷಯವಲ್ಲ.

ಅವಳು ನನ್ನ ಕಡೆ ತಿರುಗಿದಳು. "ಸಿಸ್ಟರ್, ಇಬ್ರೂ ಇನ್ನೂ ನನ್ ಹೊಟ್ಟೇಲೇ ಇದಾರೆ. ಒಂದು ಸುಮ್ನಾಗಿದೆ, ಅಷ್ಟೆ. ಅದ್ಯಾರ್ರೀ ನನ್ ಕೂಸಿಗೆ ಗೆರೆ ಹೊಡೆದೋರು?"

ನಾನು ಸ್ಕ್ಯಾನ್ ಕೋಣೆಯ ಬಾಗಿಲು ತೆಗೆದೆ. ಏಳು ಮಂಗಳವಾರ ನಿಯಮ ಮೀರಿದೆ, ಏಳು ಸಲವೂ ಮೇಲಿನವರಿಂದ ಉಗಿಸಿಕೊಂಡೆ. ಏಳನೆಯ ಸಲ, ಉಳಿದ ಕೂಸಿಗೆ ರಕ್ತ ಹರಿಯುವುದು ಕಡಿಮೆಯಾಗಿದ್ದು ಕಂಡಿತು. ಒಂದು ಗಂಟೆಯೊಳಗೆ ಸಿಸೇರಿಯನ್. ಒಂದೂಕಾಲು ಕೆಜಿಯ ಹುಡುಗಿ ವಾರ್ಡಿಗೆಲ್ಲ ಕೇಳುವಂತೆ ಅತ್ತಳು. ನಾವು ಕೊಟ್ಟ ಗುರುವಾರ ಬರಲು ಇನ್ನೂ ಒಂಬತ್ತು ದಿನವಿತ್ತು.

ಚಪ್ಪಾಳೆ ಬೇಡ. ನಿಲ್ಲಿಸಿ ಅಂದೆನಲ್ಲ! ಆ ಗೆರೆ ಹೊಡೆದವಳು ನಾನು. ಕೆಂಪು ಶಾಯಿಯಲ್ಲಿ, ಸ್ಕೇಲು ಇಟ್ಟು, ಅಂದವಾಗಿ. ಅವಳದ್ದೊಂದೇ ಅಲ್ಲ, ಇಪ್ಪತ್ತೊಂಬತ್ತು ವರ್ಷ ಹೊಡೆದಿದ್ದೇನೆ. ಇವಳು ಜಗಳವಾಡಿದಳು. ಮಿಕ್ಕವರು "ಆಯ್ತು ಸಿಸ್ಟರ್" ಎಂದು ಗುರುವಾರ ಬಂದರು. ಅವರಲ್ಲಿ ಎಷ್ಟು ಜನ ಕೂಸು ಎತ್ತಿಕೊಂಡು ಹೋದರು, ಎಷ್ಟು ಜನ ಬರಿಗೈಲಿ ಹೋದರು? ನನಗೆ ಗೊತ್ತಿಲ್ಲ. ನಾನು ತಿರುಗಿ ನೋಡಲೂ ಇಲ್ಲ.

ಆ ನಿಯಮ ಇವತ್ತಿಗೂ ವಾರ್ಡಿನ ಗೋಡೆಯ ಮೇಲಿದೆ, ಅಧ್ಯಕ್ಷರೇ. ವಂದನಾರ್ಪಣೆಗೆ ಮೊದಲೇ ಅದನ್ನು ಕಿತ್ತುಹಾಕಿಸಿ. ಇಷ್ಟು ಹೊತ್ತು ಸಹಿಸಿಕೊಂಡಿರಿ, ನಿಮ್ಮೆಲ್ಲರಿಂದ ಉಪಕಾರವಾಯಿತು. "ಆಯ್ತು ಸಿಸ್ಟರ್" ಎಂದು ಮಾತ್ರ ಹೇಳಬೇಡಿ.

ನಮಸ್ಕಾರ.