ನೀರುಗಂಟಿ ಮುದ್ದಬೈರನಿಗೆ ಎಡೆ ಇಟ್ಟ ಮನೆ

ನಾಗಲಿಂಗಪ್ಪನವರ ಪತ್ನಿ ಗೋಪಾಲಮ್ಮನವರೇ, ಮಗಳು ಇಂದು ಅವರೇ, ಓದುಗರೇ — ನಮಸ್ಕಾರ.

ಮೊದಲು ಲೆಕ್ಕ ಚುಕ್ತಾ ಮಾಡಿಬಿಡೋಣ. ಮತ್ತಿಕೆರೆಗೆ ಒಂದು ಓದುವ ಮನೆ ಕೊಡುತ್ತೇವೆ ಅಂದರು ಸರ್ಕಾರದವರು. ಕೊಡಲಿಲ್ಲ. ನಾಗಲಿಂಗಪ್ಪನವರ ಕಾದಂಬರಿಗಳನ್ನು ಗ್ರಂಥಾಲಯಗಳಿಗೆ ಕೊಳ್ಳುತ್ತೇವೆ ಅಂದರು. ಕೊಳ್ಳಲಿಲ್ಲ. ಇವತ್ತಿನ ಶ್ರದ್ಧಾಂಜಲಿ ಸಭೆಗೆ ಸಮುದಾಯ ಭವನ ಅಂದರು. ಬೆಳಿಗ್ಗೆ ಹೋಗಿ ನೋಡಿದರೆ ಬೀಗ! ಅದಕ್ಕೇ ನಾವು ಖುದ್ದೂಸ್ ಸಾಹೇಬರ ಮಂಚ-ಕುರ್ಚಿ ಅಂಗಡಿಯ ಅಂಗಳದಲ್ಲಿ ಕೂತಿದ್ದೇವೆ. ಮಾರಾಟದ ಕುರ್ಚಿಗಳನ್ನೇ ಹಾಕಿಸಿದ್ದಾರೆ — ಹುಷಾರಾಗಿ ಕೂತುಕೊಳ್ಳಿ.

ಸಿಟ್ಟು ಇಷ್ಟಕ್ಕೇ ಸಾಕು. ನಾಗಲಿಂಗಪ್ಪ ಸಿಟ್ಟಿನ ಮನುಷ್ಯರಾಗಿರಲಿಲ್ಲ. ಆ ಕೆಲಸ ನನಗೆ ಬಿಟ್ಟಿದ್ದರು.

ಚಾರಿತ್ರಿಕ ಕಾದಂಬರಿಕಾರರೆಂದರೆ ಅರಮನೆಯ ಬಾಗಿಲು ಕಾಯುವವರು ಎಂದು ನಾನು ವೇದಿಕೆಯ ಮೇಲೇ ಬೈದಿದ್ದೇನೆ. ಅವರು ಪಕ್ಕದಲ್ಲೇ ಕೂತು ನಗುತ್ತಿದ್ದರು. ಮಾರನೆಯ ದಿನ ಹೆಗಲಿಗೆ ಚೀಲ ಹಾಕಿ ಬಸ್ಸು ಹತ್ತುತ್ತಿದ್ದರು. ಮಾಕಳಿಗೆ, ಯಲಹಂಕಕ್ಕೆ, ಓದುಗರು ಕರೆದ ಕಡೆಗೆಲ್ಲ. ಧಾರವಾಡದಲ್ಲಿ ಸನ್ಮಾನ ಇದ್ದ ದಿನ ಇಲ್ಲೇ ಯಲಹಂಕದ ಹತ್ತಿರದ ನಮ್ಮ ಸಿಂಗಾಪುರದ ಜಗಲಿಯೊಂದರ ಮೇಲೆ ಕೂತು ಅಧ್ಯಾಯ ಓದುತ್ತಿದ್ದರು. ಸನ್ಮಾನ? ಮರೆತೇ ಹೋಗಿತ್ತಂತೆ.

ಅದೇ ಸಿಂಗಾಪುರದ ಮಾತು ಹೇಳುತ್ತೇನೆ.

ಅವರ ಕಾದಂಬರಿಯಲ್ಲಿ ಮುದ್ದಬೈರ ಎಂಬ ನೀರುಗಂಟಿ ಬರುತ್ತಾನೆ. ಕೆರೆಯ ತೂಬೆತ್ತಿ ಗದ್ದೆಗಳಿಗೆ ನೀರು ಹಂಚುವವನು. ಏರಿ ಒಡೆಯುವ ರಾತ್ರಿ ಊರನ್ನು ಎಬ್ಬಿಸಿ ತಾನು ಕೊಚ್ಚಿಹೋಗುತ್ತಾನೆ. ಇದನ್ನು ಮೊಮ್ಮಗಳ ಬಾಯಲ್ಲಿ ಓದಿಸಿ ಕೇಳಿದ ಆ ಊರಿನ ಮುನಿಯಲ್ಲಮ್ಮ, ಇವನು ನಮ್ಮ ಮನೆತನದ ಹಿರಿಯನೇ ಎಂದು ತೀರ್ಮಾನಿಸಿಬಿಟ್ಟರು. ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತೇವೆ, ಬರೆದವರು ಬರಲೇಬೇಕು ಎಂದು ಹೇಳಿ ಕಳಿಸಿದರು.

ಬಸ್ಸಿನಲ್ಲಿ ನಾಗಲಿಂಗಪ್ಪನವರ ಮುಖ ಬಾಡಿತ್ತು. ಮುದ್ದಬೈರ ಅವರ ಕಲ್ಪನೆ. ನಿಜ ಹೇಳಿದರೆ ಆ ಮನೆಯ ನಂಟು ಕೈತಪ್ಪುತ್ತದೆ, ಹೇಳದಿದ್ದರೆ ಚರಿತ್ರೆ ಬರೆಯುವ ಯೋಗ್ಯತೆ ಹೋಗುತ್ತದೆ ಅಂದರು. ಸುಮ್ಮನಿರಿ, ಊಟ ಮಾಡಿ ಬರೋಣ ಎಂದೆ ನಾನು.

ಹೋದೆವು. ಗೋಡೆಗೆ ಒರಗಿಸಿದ ಹಿರಿಯರ ಫೋಟೋಗಳ ಮುಂದೆ ಎಲೆಗಳು. ಕೊನೆಯ ಎಲೆಯ ಮುಂದೆ ಫೋಟೋ ಇಲ್ಲ — ಹೊಸ ಪಂಚೆ, ಮುದ್ದೆ, ಹುರುಳಿಕಾಳಿನ ಬಸ್ಸಾರು. ಕಾದಂಬರಿಯಲ್ಲಿ ಅವನಿಗೆ ಇಷ್ಟವಾದದ್ದು ಅದೇ! ಧೂಪ ಹಾಕುವ ಮೊದಲು ನಾಗಲಿಂಗಪ್ಪ ಎದ್ದು ನಿಂತು ಕೈ ಮುಗಿದರು. “ಅಮ್ಮಾ, ಇವನು ಇರಲಿಲ್ಲ. ನಾನೇ ಹುಟ್ಟಿಸಿದ್ದು.”

ಮುನಿಯಲ್ಲಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡರು.

“ನಮ್ಮೋರಲ್ಲೂ ಒಬ್ಬ ಕೆರೆ ಕಾಯ್ತಿದ್ದ ಸ್ವಾಮಿ. ಎಸ್ರು ಮರ್ತೋಗಿತ್ತು. ನೀವು ಕೊಟ್ರಿ. ಎಸ್ರು ತಾನೆ ಸುಳ್ಳು, ತಾತ ಸುಳ್ಳಾ? ಕುಂತ್ಕಳಿ, ಮುದ್ದೆ ಆರೋಯ್ತದೆ.”

ಕೂತರು. ಎರಡು ಮುದ್ದೆ ಉಂಡರು.

ಬಂಧುಗಳೇ, ರಾಜರಿಗೆ ಶಾಸನವಿದೆ, ವಂಶಾವಳಿಯಿದೆ, ಪ್ರತಿಮೆಯಿದೆ. ತೂಬು ಎತ್ತಿದವನ ಹೆಸರು ಅವನ ಮರಿಮಕ್ಕಳಿಗೂ ಉಳಿಯಲಿಲ್ಲ. ಯಾರೂ ಬರೆಯಲಿಲ್ಲ! ಒಬ್ಬ ಬರೆದ. ಕಲ್ಪಿಸಿ ಬರೆದ, ಕಲ್ಪನೆ ಎಂದು ಒಪ್ಪಿಕೊಂಡ — ಜನ ಆ ಹೆಸರನ್ನು ಮನೆಯೊಳಕ್ಕೆ ಕರೆದುಕೊಂಡರು. ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವ ಅಕಾಡೆಮಿಯ ಕೈಲಿದೆ, ಹೇಳಿ? ಆಮೇಲೆ ಪ್ರತಿ ವರ್ಷವೂ ಹೋದರು. ತೃಪ್ತಿಯಾಗಿ ಬದುಕಿದರು, ತೃಪ್ತಿಯಾಗಿ ಹೋದರು. ನಾನು ಅಳುವುದಿಲ್ಲ.

ಈಗ ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ ಮಾತು ಬೇಡ, ಫೋನೂ ಬೇಡ.

—

ಕುಳಿತುಕೊಳ್ಳಿ. ಮುಂದಿನ ಸಭೆ ಮಹಾಲಯ ಅಮಾವಾಸ್ಯೆಯ ದಿನ, ಸಿಂಗಾಪುರದಲ್ಲಿ, ಮುನಿಯಲ್ಲಮ್ಮನವರ ಮನೆಯಲ್ಲಿ. ಮುದ್ದಬೈರನ ಪಕ್ಕದಲ್ಲಿ ಈ ಸಲ ನಾಗಲಿಂಗಪ್ಪನವರಿಗೂ ಒಂದು ಎಲೆ ಹಾಕುತ್ತಾರಂತೆ. ಗೋಪಾಲಮ್ಮನವರು ಒಪ್ಪಿದ್ದಾರೆ, ಯಜಮಾನರಿಗೆ ಬಿ.ಪಿ. ಇತ್ತು, ಸಾರಿಗೆ ಉಪ್ಪು ಕಮ್ಮಿ ಹಾಕಿ ಎಂದಿದ್ದಾರೆ. ಮಧ್ಯಾಹ್ನ ಹನ್ನೆರಡು ಗಂಟೆಗೆ ಸರಿಯಾಗಿ ಬನ್ನಿ.